ದರ ಬಾಯಿಲೆ, ಮಾಲು ಕಣ್ಣಿಲೆ, ರೊಕ್ಕ ಕಾಗದಲೆ

ನಮ್ಮ ಮನ್ಯಾಗ ನಾಕು ಫೋನ್ ಅದಾವ. ಮಾವಾರದು ಗುಂಡಿ ಒತ್ತೋ ಸಣ್ಣ ಫೋನು. ನಮ್ಮನಿಯವರದು, ನಂದು, ಧಾರವಾಡದಾಗ ಕೃಷಿ ಓದೋ ಮಗಳದು ಮೂರೂ ಟಚ್ ಫೋನು. ಅತ್ಯಾರಿಗೆ ಫೋನ್ ಇಲ್ಲ. "ನನಗ್ಯಾಕ ಬೇಕವ್ವಾ? ನಾ ಕಟ್ಟಿ ಮ್ಯಾಲೆ ನಿಂತು ಕೂಗಿದ್ರ ಓಣಿಗೆಲ್ಲಾ ಕೇಳ್ತೈತಿ" ಅಂತಾರ.

ಇಷ್ಟು ಫೋನ್ ಇದ್ದ ಮ್ಯಾಲೆ ಸುದ್ದಿ ಎಲ್ಲಾ ಒಂದರಾಗ ಬಂದು ಒಂದರಾಗ ಹೋಗಬೇಕಲ್ಲ? ಹಂಗ ಆಗಂಗಿಲ್ಲ. ನಮ್ದು ಕುಂದಗೋಳ ತಾಲೂಕಿನ ಎರಿ ಹೊಲದ ಊರು. ಮಳಿ ನಂಬಿ ಮೆಣಸಿನಕಾಯಿ ಹಾಕ್ತೀವಿ, ನಡುವ ಉಳ್ಳಾಗಡ್ಡಿ, ಹತ್ತಿ. ಮೆಣಸಿನಕಾಯಿ ಸುಗ್ಗಿ ಬಂತಂದ್ರ ಸುದ್ದಿ ಒಂದೊಂದೂ ತನ್ನ ತನ್ನ ಹಾದಿ ಹಿಡೀತೈತಿ. ದರದ ಸುದ್ದಿ ಬಾಯಿಲೆ ಬರ್ತೈತಿ. ಮಾಲಿನ ಸುದ್ದಿ ಕಣ್ಣಿಲೆ ನೋಡಿದ್ರ ಖರೆ. ರೊಕ್ಕದ ಸುದ್ದಿ ಕಾಗದಲೆ. ಸಾಲದ ಸುದ್ದಿ ಮಾತ್ರ ಕಾಲಿಲೆ ನಡಕೊಂಡು ಹೋಗಬೇಕು. ಮದಿವಿಯಾಗಿ ಬಂದ ಹೊಸದಾಗ ನನಗ ಇದು ತಿಳೀತಿರ್ಲಿಲ್ಲ. ಒಂದು ಮೆಸೇಜ್ ಹಾಕಿದ್ರ ಮುಗಿಯೋದಕ್ಕ ಇವರು ಬಸ್ ಹತ್ತಿ ಬ್ಯಾಡಗಿ ತನಕ ಯಾಕ ಹೋಗ್ತಾರ ಅಂತ ಅನಸ್ತಿತ್ತು. ಈಗ ಇಪ್ಪತ್ತು ಸುಗ್ಗಿ ನೋಡೀನಿ.

ಮೊದಲ ದರದ ಮಾತು. ನಮ್ಮ ಮಾಲು ಹೋಗೋದು ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ. ಮಾವಾರ ಅಪ್ಪನ ಕಾಲದಿಂದ ಅದೇ ಅಂಗಡಿ. ಪ್ಯಾಟಿ ನಡಿಯೋದು ಸೋಮವಾರ, ಗುರುವಾರ. ಹಿಂದಿನ ದಿನ ಸಂಜಿಕೆ ಸಾವ್ಕಾರ್ರ ಫೋನ್ ಬರ್ತೈತಿ, ಅದೂ ಮಾವಾರ ಸಣ್ಣ ಫೋನಿಗೇ. ನಮ್ಮನಿಯವರು ಒಮ್ಮೆ ಕೇಳಿದ್ರು, "ಸಾವ್ಕಾರ್ರ, ವಾಟ್ಸಾಪ್‌ನಾಗ ದರ ಹಾಕಿಬಿಡ್ರಿ, ದಿನಾ ನಿಮಗ್ಯಾಕ ತ್ರಾಸು?" ಅಂತ. ಸಾವ್ಕಾರ್ರು ನಕ್ಕು, "ತಮ್ಮಾ, ಬರದದ್ದು ಉಳೀತೈತಿ, ಆಡಿದ್ದು ಹೋಗ್ತೈತಿ" ಅಂದ್ರಂತ.

ಅದರಾಗ ಕಪಟ ಐತಿ ಅಂತ ನನಗೂ ಮೊದಲ ಅನಸಿತ್ತು. ಪೂರಾ ಕಪಟ ಅಲ್ಲ ಅದು. ಮೆಣಸಿನಕಾಯಿಗೆ ದರ ಅನ್ನೋದು ಒಂದು ಅಂಕಿ ಅಲ್ಲ. ಒಂದೇ ದಿನ, ಒಂದೇ ಪ್ಯಾಟ್ಯಾಗ, ಕಡಿಮಿ ದರಕ್ಕೂ ಹೆಚ್ಚಿನ ದರಕ್ಕೂ ಹತ್ತು ಪಟ್ಟು ಅಂತರ ಇರ್ತೈತಿ. ಡಬ್ಬಿ ಬ್ಯಾರೆ, ಕಡ್ಡಿ ಬ್ಯಾರೆ, ಗುಂಟೂರು ಬ್ಯಾರೆ. ಕಡ್ಡಿಯಾಗೇ ಮೊದಲನೇ ಬಿಡಿಸಿದ್ದು, ಎರಡನೇ ಬಿಡಿಸಿದ್ದು, ಬಿಳಿಗಾಯಿ ಕೂಡಿದ್ದು, ಮಳಿ ಹತ್ತಿ ಕಪ್ಪಾದದ್ದು, ಹಸಿ ಇದ್ದದ್ದು, ಎಲ್ಲಾಕ್ಕೂ ಬ್ಯಾರೆ ಬ್ಯಾರೆ ದರ. ಸಾವ್ಕಾರ್ರು ಒಂದು ಅಂಕಿ ಬರದು ಕಳಿಸಿದ್ರ ನಾಳಿ ನೂರು ಮಂದಿ ರೈತರು ಆ ಅಂಕಿ ತೋರಿಸಿ, "ಇಷ್ಟು ಅಂದಿದ್ರಲ್ಲ?" ಅಂತ ಕೇಳ್ತಾರ. ಬಾಯಿಲೆ ಹೇಳಿದ್ರ ಮಾತಿನಾಗ ಜಾಗ ಇರ್ತೈತಿ. "ಛಲೋ ಮಾಲಿಗೆ ಛಲೋ ಐತ್ರಿ" ಅನ್ನಬಹುದು. ಛಲೋ ಅಂದ್ರ ಎಷ್ಟು ಅಂತ ಇಬ್ಬರೂ ತಮ್ಮ ತಮ್ಮ ತಿಳಿವಳಿಕಿ ಮ್ಯಾಲೆ ಬಿಡ್ತಾರ.

ಮಾವಾರೂ ಬಾಯಿ ಮಾತೇ ಬೇಕು ಅಂತಾರ, ಅವರ ಕಾರಣ ಬ್ಯಾರೆ. ಅವರು ಅಂಕಿಗಿಂತ ಹೆಚ್ಚು ದನಿ ಕೇಳ್ತಾರ. ಸಾವ್ಕಾರ್ರು ಮೊದಲ ಮಳಿ-ಬೆಳಿ, ಮಕ್ಕಳು-ಮರಿ ಕೇಳಿ ಆಮ್ಯಾಲೆ ದರಕ್ಕ ಬಂದ್ರ ಪ್ಯಾಟಿ ಸಡ್ಲ ಐತಿ. ಫೋನ್ ಎತ್ತಿದ ಕೂಡ್ಲೆ "ಎಷ್ಟು ಚೀಲ ಆಗೈತ್ರಿ ಗೌಡ್ರ?" ಅಂದ್ರ ಅತ್ಲಾಕಡೆ ಖರೀದಿದಾರ್ರು ಕುಂತಾರ, ಮಾಲು ಬೇಕಾಗೈತಿ. ಹಿಂದ ಹಮಾಲರ ಗದ್ಲ ಕೇಳಿದ್ರ ಆವಕ ಜೋರು ಐತಿ, ದರ ಇಳೀತೈತಿ. ಇಷ್ಟು ಸುದ್ದಿ ಯಾವ ಮೆಸೇಜಿನಾಗ ಬರ್ತೈತಿ ಹೇಳ್ರಿ?

ದರ ಮುಚ್ಚಿ ಆಡೋದು ನಮ್ಮ ಕಡೆ ಹೊಸಾದಲ್ಲ. ದನದ ಸಂತಿ ನೋಡಿದವರಿಗೆ ಗೊತ್ತೈತಿ. ಟವಲ್ ಕೆಳಗ ಇಬ್ಬರೂ ಕೈ ಹಿಡೀತಾರ, ಬೆರಳು ಒತ್ತಿ ದರ ಹೇಳ್ತಾರ, ಸುತ್ತ ಐವತ್ತು ಮಂದಿ ನಿಂತ್ರೂ ಒಬ್ಬರಿಗೂ ತಿಳಿಯಂಗಿಲ್ಲ. ವ್ಯಾಪಾರ ಮುರದ್ರ ಮುಂದಿನವನ ಹತ್ರ ಎತ್ತಿನ ದರ ಕೆಡಬಾರ್ದಲ್ಲ, ಅದಕ್ಕ. ಸಾವ್ಕಾರ್ರ ಫೋನೂ ಒಂದು ಥರಾ ಟವಲ್ಲೇ.

ಫೋನ್ ಇಲ್ಲದ ಕಾಲದಾಗ ಹೆಂಗಿತ್ತು ಅಂತ ಮಾವಾರನ್ನ ಕೇಳಬೇಕು. ಮುತ್ಯಾನ ಕಾಲಕ್ಕ ಅಂಗಡಿಯಿಂದ ಕಾರ್ಡು ಬರ್ತಿತ್ತಂತ. ಮ್ಯಾಲೆ ಅಂಗಡಿ ಸಿಕ್ಕಾ, ಕೆಳಗ ನಾಕು ಸಾಲು: ಪ್ಯಾಟಿ ಛಲೋ ಐತಿ, ಮಾಲು ಕಟ್ಟಿಕೊಂಡು ಬರ್ರಿ. ಕಾರ್ಡು ಊರಿಗೆ ಮುಟ್ಟೋದ್ರಾಗ ಪ್ಯಾಟಿ ತಿರುಗಿರ್ತಿತ್ತು. ಆದ್ರೂ ಕಾರ್ಡು ಬಂದ ಮನಿಗೆ ಒಂದು ಮರ್ಯಾದಿ ಇತ್ತು, "ಸಾವ್ಕಾರ್ರು ನೆನಸ್ಯಾರ" ಅಂತ. ಕಾರ್ಡು ಮುಚ್ಚಿದ ಕಾಗದ ಅಲ್ಲ. ಟಪಾಲಿನವರು ಓದೇ ಕೊಡೋರು, ದಾರಿಯಾಗ ನಾಕು ಮಂದಿ ಕೇಳೋರು. ಹಿಂಗಾಗಿ ಸಾಲದ ಮಾತು, ಬಾಕಿ ಮಾತು ಕಾರ್ಡಿನಾಗ ಬರೀತಿರ್ಲಿಲ್ಲ. ಅದಕ್ಕ ಆಳು ಕಳಸ್ತಿದ್ರು, ಇಲ್ಲಾ ಮುತ್ಯಾನೇ ಹೋಗ್ತಿದ್ದ.

ಧಾರವಾಡ ಆಕಾಶವಾಣಿ ಸುರು ಆದದ್ದು 1950ರ ಜನವರಿ 8ಕ್ಕ. ರೇಡಿಯೋ ಊರಿಗೆ ಬಂದ ಮ್ಯಾಲೆ ದರ ಎಲ್ಲಾರಿಗೂ ಒಂದೇ ಸಲ ತಿಳಿಯಾಕ ಹತ್ತಿತು. ನಮ್ಮ ಪಡಸಾಲ್ಯಾಗ ರೇಡಿಯೋ ಇತ್ತು, ಸಂಜಿಕೆ ಧಾರಣಿ ಹೇಳೋ ಹೊತ್ತಿಗೆ ಓಣಿ ಗಂಡಸ್ರು ಬಂದು ಕುಂದ್ರತಿದ್ರಂತ. ರೇಡಿಯೋದಾಗ ಹೇಳಿದ ದರ ಸಾವ್ಕಾರ್ರ ಮುಂದ ಇಟ್ಟು ಮಾತಾಡಾಕ ರೈತನಿಗೆ ಒಂದು ಕೋಲು ಸಿಕ್ಕಂಗ ಆತು. ಆದ್ರ ರೇಡಿಯೋಕ್ಕ ತಿರುಗಿ ಕೇಳಾಕ ಬರಂಗಿಲ್ಲ. "ಆ ದರ ಎಂಥಾ ಮಾಲಿಗೆ?" ಅಂತ ಕೇಳಬೇಕಂದ್ರ ಮತ್ತ ಸಾವ್ಕಾರ್ರ ಹತ್ರನೇ ಬರಬೇಕು.

ಮೊಬೈಲ್ ಬಂದಾಗ ಮೊದಮೊದಲ ಬಂದ ಫೋನಿಗೂ ರೊಕ್ಕ ಹೋಗ್ತಿತ್ತು. 2003ರ ಮೇ ತಿಂಗಳಿಂದ ಮಾಡಿದವರಷ್ಟೇ ರೊಕ್ಕ ಕೊಡೋ ಪದ್ಧತಿ ಬಂತು. ಆವಾಗಿಂದ ಮಿಸ್ ಕಾಲ್ ಅನ್ನೋ ಭಾಷಿ ಹುಟ್ಟಿತು. ನಮ್ಮ ಮನಿ ಲೆಕ್ಕ ಹಿಂಗಿತ್ತು: ಒಂದು ಮಿಸ್ ಕಾಲ್ ಅಂದ್ರ ಬ್ಯಾಡಗಿ ಮುಟ್ಟೀವಿ. ಎರಡು ಅಂದ್ರ ಮಾಲು ಹೋತು, ಅನ್ನಕ್ಕ ಇಡ್ರಿ. ಮೂರು ಅಂದ್ರ ಇವತ್ತು ಆಗ್ಲಿಲ್ಲ, ವಸ್ತಿ ಐತಿ. ಮೂರನೇ ರಿಂಗಿಗೆ ಅತ್ಯಾರ ಮಾರಿ ಸಣ್ಣದಾಗ್ತಿತ್ತು. ಈಗ ಮಾತಿಗೆ ರೊಕ್ಕ ಇಲ್ಲ. ಆದ್ರೂ ಟ್ರ್ಯಾಕ್ಟರ್ ಬ್ಯಾಡಗಿ ಮುಟ್ಟಿದ ಕೂಡ್ಲೆ ನಮ್ಮನಿಯವರು ಇವತ್ತಿಗೂ ಒಂದು ಮಿಸ್ ಕಾಲೇ ಕೊಡ್ತಾರ.

ಇನ್ನ ಮಾಲಿನ ಮಾತು. ಫೋಟೋ ಕಳಿಸಿದ್ರ ಆಗಂಗಿಲ್ಲ ಏನು ಅಂತ ನೀವು ಕೇಳಬಹುದು. ಬ್ಯಾಡಗಿ ಮೆಣಸಿನಕಾಯಿಗೆ ಬೆಲಿ ಇರೋದು ಖಾರಕ್ಕಲ್ಲ, ಬಣ್ಣಕ್ಕ. 2011ರಾಗ ಜಿಐ ಗುರುತು ಸಿಕ್ಕದ್ದೂ ಈ ಗುಣದ ಮ್ಯಾಲೇನ. ಬಣ್ಣದ ಮಾಲಿಗೆ ಫೋನಿನ ಕ್ಯಾಮರಾದಂಥಾ ಸುಳ್ಳುಗಾರ ಬ್ಯಾರೆ ಇಲ್ಲ. ಬಿಸಲಾಗ ತಗದ್ರ ಬಿಳಿಗಾಯಿನೂ ಕೆಂಪು ಕಾಣ್ತೈತಿ, ಮನಿ ಒಳಗ ತಗದ್ರ ಮೊದಲನೇ ಬಿಡಿಸಿದ್ದೂ ಕಪ್ಪು ಕಾಣ್ತೈತಿ. ಹಸಿ ಎಷ್ಟೈತಿ ಅಂತ ಫೋಟೋ ಹೇಳಂಗಿಲ್ಲ. ಅದಕ್ಕ ಮುಠಗಿ ತುಂಬ ಹಿಡಿದು ಅಲಗಾಡಿಸಿ ಬೀಜದ ಸಪ್ಪಳ ಕೇಳಬೇಕು. ತೊಟ್ಟು ಮುರದು ನೋಡಬೇಕು, ಘಾಟು ನೋಡಬೇಕು. ಹಂಗಾಗಿ ಫೋಟೋ ಕಳಿಸಿದ್ರೂ ಸಾವ್ಕಾರ್ರು, "ಛಲೋ ಕಾಣ್ತೈತಿ, ತರ್ರಿ" ಅನ್ನೋದಷ್ಟೇ. ಆ ಮಾತಿಗೆ ಬೆಲಿ ಕಟ್ಟಬಾರ್ದು ಅಂತ ಇಬ್ಬರಿಗೂ ಗೊತ್ತು.

ಫೋಟೋ ಉಪಯೋಗಕ್ಕ ಬರೋದು ರೋಗಕ್ಕ. ಎಲಿ ಮುದುಡಿದ್ರ, ಹೂವಿನಾಗ ಸಣ್ಣ ಹುಳ ಕಂಡ್ರ, ನಮ್ಮನಿಯವರು ಫೋಟೋ ತಗದು ಔಷಧ ಅಂಗಡಿಗೂ ಕಳಸ್ತಾರ, ಮಗಳಿಗೂ ಕಳಸ್ತಾರ. ಅಂಗಡಿಯವರು ಡಬ್ಬಿ ಹೆಸರು ಹೇಳ್ತಾರ, ಮಗಳು ಮೊದಲ ಹುಳದ ಹೆಸರು ಕೇಳ್ತಾಳ. ಮಾವಾರಿಗೆ ಇಬ್ಬರ ಮ್ಯಾಲೂ ಪೂರಾ ನಂಬಿಕಿ ಇಲ್ಲ, ಅವರು ಕಿಸಾನ್ ಕಾಲ್ ಸೆಂಟರ್‌ಗೆ ಹಚ್ಚತಾರ. 2004ರಾಗ ಸುರು ಆದದ್ದು ಅದು, 1800-180-1551ಕ್ಕ ಮುಂಜಾನೆ ಆರರಿಂದ ರಾತ್ರಿ ಹತ್ತರ ತನಕ ಕನ್ನಡದಾಗ ಮಾತಾಡಾಕ ಬರ್ತೈತಿ, ರೊಕ್ಕ ಹೋಗಂಗಿಲ್ಲ. "ಅವರಿಗೆ ನಮ್ಮ ಕೂಡ ಮಾರೋದೂ ಇಲ್ಲ, ಕೊಳ್ಳೋದೂ ಇಲ್ಲ, ಸುಳ್ಳು ಯಾಕ ಹೇಳ್ತಾರ?" ಅನ್ನೋದು ಮಾವಾರ ಲೆಕ್ಕ. ಇದು ಬರೇ ರೋಗದ ಮಾತಲ್ಲ. ಯಾರ ಹತ್ರ ಏನು ಕೇಳಬೇಕು ಅನ್ನೋದಕ್ಕ ಅವರ ಕೀಲಿಕೈ ಇದೇ.

ಪ್ಯಾಟ್ಯಾಗ ಈಗ ಕೂಗು ಇಲ್ಲ, ಇ-ಟೆಂಡರ್ ಐತಿ. ನಮ್ಮ ರಾಜ್ಯದಾಗ 2014ರಿಂದ ಆನ್‌ಲೈನ್ ಮಾರುಕಟ್ಟಿ ಬಂದೈತಿ, ದೇಶದ ಮಟ್ಟದ ಇ-ನಾಮ್ ಬಂದದ್ದು 2016ರ ಏಪ್ರಿಲ್ 14ಕ್ಕ. ಚೀಲ ಅಂಗಡಿ ಮುಂದ ಹಚ್ತಾರ, ಪ್ರತಿ ಲಾಟಿಗೂ ನಂಬರ್ ಬೀಳ್ತೈತಿ. ಖರೀದಿದಾರ್ರು ಮುಂಜಾನೆಯಿಂದ ತಿರಗ್ಯಾಡಿ ಮಾಲು ಮುಟ್ಟಿ ನೋಡಿ, ತಮ್ಮ ದರ ಕಂಪ್ಯೂಟರ್‌ನಾಗೋ ಮೊಬೈಲ್‌ನಾಗೋ ಹಾಕ್ತಾರ. ಮಧ್ಯಾಹ್ನದ ಮ್ಯಾಲೆ ಯಾವ ಲಾಟ್ ಯಾರಿಗೆ ಎಷ್ಟಕ್ಕ ಅಂತ ಹೊರಗ ಬರ್ತೈತಿ. ಒಪ್ಪದಿದ್ರ ರೈತ ಬ್ಯಾಡ ಅನ್ನಬಹುದು. ನೋಡ್ರಿ, ಇಲ್ಲೂ ಮಾಲು ಕಣ್ಣಿಲೇ, ಕೈಲೇ ನೋಡ್ತಾರ, ದರ ಮಾತ್ರ ಮುಚ್ಚಿ ಹಾಕ್ತಾರ. ಟವಲ್ ಹೋತು, ಮಷಿನ್ ಬಂತು. ಇದರಿಂದ ಒಂದು ಛಲೋ ಆಗೈತಿ. ಪಕ್ಕದವನ ದರ ನೋಡಿ ತನ್ನ ದರ ಇಳಸೋದು ಖರೀದಿದಾರನಿಗೆ ಸುಲಭ ಉಳದಿಲ್ಲ.

ಖರೀದಿದಾರ್ರ ಹತ್ರ ಇನ್ನೊಂದು ಹಾದಿ ಐತಿ. ಅದು ನಮ್ಮ ತನಕ ಬರಂಗಿಲ್ಲ. ಬ್ಯಾಡಗಿ ಮಾಲು ಮಸಾಲಿ ಪುಡಿ ಕಂಪನಿಗಳಿಗೂ ಹೋಗ್ತೈತಿ, ಬಣ್ಣದ ಎಣ್ಣಿ ತಗಿಯೋ ಕಾರ್ಖಾನಿಗಳಿಗೂ ಹೋಗ್ತೈತಿ. ಅಂಥಾ ಕಾರ್ಖಾನಿ ಕೇರಳದಾಗ ಹೆಚ್ಚು. ಅವರಿಗೆ ಕಣ್ಣಿನ ಕೆಂಪು ಸಾಲಂಗಿಲ್ಲ. ಸ್ಯಾಂಪಲ್ ಲ್ಯಾಬಿಗೆ ಹೋಗ್ತೈತಿ, "ಆಸ್ಟಾ" ಅನ್ನೋ ಅಳತಿಯಾಗ ಬಣ್ಣಕ್ಕ ಒಂದು ಅಂಕಿ ಬರ್ತೈತಿ. ನಾ ಆರಿಸಿದ ಕಾಯಿಯ ಬಣ್ಣ ಎಷ್ಟು ಅನ್ನೋದು ಎಲ್ಲೋ ಒಂದು ಕಚೇರಿಯ ಕಂಪ್ಯೂಟರ್‌ನಾಗ ಐತಿ, ನನಗ ಗೊತ್ತಿಲ್ಲ. ರೈತನಿಗೆ ದರ ತಿಳಸಾಕ ಎಷ್ಟು ಹಾದಿ ಆದುವು. ಈ ಒಂದು ಅಂಕಿ ನಮ್ಮ ಫೋನಿಗೆ ಬಂದ ದಿನ ನಾವು ಬಾಯಿ ಮಾಡಿ ದರ ಕೇಳಬಹುದು ಅಂತ ನನಗ ಅನಸ್ತೈತಿ.

ರೊಕ್ಕದ ಮಾತಿಗೆ ಕಾಗದನೇ ಬೇಕು, ಅದರಾಗ ಎರಡು ಮಾತಿಲ್ಲ. ಮಾರಿದ ಮ್ಯಾಲೆ ಅಂಗಡಿಯಿಂದ ಲೆಕ್ಕಪಟ್ಟಿ ಬರ್ತೈತಿ, ಎಷ್ಟು ಚೀಲ, ಎಷ್ಟು ತೂಕ, ಎಷ್ಟು ದರ, ಯಾವುದಕ್ಕ ಎಷ್ಟು ಮುರಕೊಂಡ್ರು ಅಂತ. ಮೊಬೈಲ್‌ಗೂ ಮೆಸೇಜ್ ಬರ್ತೈತಿ, ಬ್ಯಾಂಕಿಗೂ ರೊಕ್ಕ ಬೀಳ್ತೈತಿ. ಆದ್ರೂ ಮಾವಾರು ಪಟ್ಟಿ ಕೈಗೆ ಬರೋ ತನಕ ಕಟ್ಟಿ ಬಿಟ್ಟು ಏಳಂಗಿಲ್ಲ. ದೇವರ ಮಾಡದಾಗ ತಗಡಿನ ಡಬ್ಬಿ ಐತಿ, ಮುತ್ಯಾನ ಕಾಲದ ಪಟ್ಟಿನೂ ಅದರಾಗ ಅದಾವ. ಬಾಯಿಲೆ ಆಡಿದ್ದು ಹೋಗ್ತೈತಿ ಅಂತ ಸಾವ್ಕಾರ್ರಿಗೆ ಗೊತ್ತಿದ್ದಂಗ, ಬರದದ್ದು ಉಳೀತೈತಿ ಅಂತ ಮಾವಾರಿಗೂ ಗೊತ್ತು.

ಮಗಳು ರಜಾಕ್ಕ ಬಂದಾಗ ತನ್ನ ಪಾಠದಾಗಿನ ಎರಡು ಮಾತು ಹೇಳಿದ್ಲು, ನನಗ ಭಾಳ ಹಿಡಿಸಿದುವು. ಒಂದು ಕೇರಳದ ಮೀನಿಂದು. ಉತ್ತರ ಕೇರಳದ ಕಡಲ ದಂಡಿ ಮ್ಯಾಲೆ 1997ರಿಂದ ಮೊಬೈಲ್ ಬರಾಕ ಹತ್ತಿದಾಗ ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞ ಅಲ್ಲಿ ಬೂತಾಯಿ ಮೀನಿನ ದರ ಬರಕೊಂತ ಹೋದ. ಮೊದಲ ಒಂದು ದಂಡ್ಯಾಗ ಮೀನು ಕೊಳ್ಳೋರಿಲ್ಲದ ಚೆಲ್ಲತಿದ್ರು, ಅದೇ ಹೊತ್ತಿಗೆ ಸ್ವಲ್ಪ ದೂರದ ದಂಡ್ಯಾಗ ಮೀನು ಸಿಗದ ಮಂದಿ ಖಾಲಿ ಹೋಗ್ತಿದ್ರು. ಮೊಬೈಲ್ ಬಂದ ಮ್ಯಾಲೆ ದೋಣ್ಯಾಗಿಂದಾನೇ ಫೋನ್ ಹಚ್ಚಿ, ದರ ಇದ್ದಲ್ಲಿ ದೋಣಿ ತಿರುವಿದ್ರು. ಚೆಲ್ಲೋದು ನಿಂತು, ದಂಡಿ ದಂಡಿಗೂ ದರ ಹತ್ರ ಹತ್ರ ಬಂತು. 2007ರಾಗ ಇದು ಅಚ್ಚಾತು.

ಇನ್ನೊಂದು ನಮ್ಮ ಮಗ್ಗಲ ರಾಜ್ಯ ಮಹಾರಾಷ್ಟ್ರದ್ದು. ಅಲ್ಲಿ ನೂರು ಹಳ್ಳ್ಯಾಗ ಪರೀಕ್ಷೆ ಮಾಡ್ಯಾರ. ಕೆಲವು ರೈತರಿಗೆ ಮೊಬೈಲ್ ಮೆಸೇಜಿಲೆ ದರ, ಹವಾಮಾನ ಕಳಿಸಿ, ಮೆಸೇಜ್ ಬರದ ರೈತರ ಕೂಡ ಹೋಲಿಸಿ ನೋಡ್ಯಾರ. 2012ರಾಗ ಅದೂ ಅಚ್ಚಾತು. ರೈತರಿಗೆ ಸಿಕ್ಕ ದರದಾಗ ಹೇಳಿಕೊಳ್ಳುವಂಥಾ ಹೆಚ್ಚಳ ಕಾಣಲಿಲ್ಲ ಅಂತ ಬರದಾರ.

"ಯಾಕಿರಬಹುದು ಹೇಳವ್ವಾ?" ಅಂತ ಮಗಳು ನನ್ನೇ ಕೇಳಿದ್ಲು. ಅಲ್ಲಿಯವರ ಸಂಗತಿ ನಾ ಹೆಂಗ ಹೇಳ್ಲಿ, ನಮ್ಮದು ಹೇಳ್ದೆ. ದೋಣಿ ತಿರುವಾಕ ಬರ್ತೈತಿ, ಚೀಲ ಹೇರಿದ ಟ್ರ್ಯಾಕ್ಟರ್ ತಿರುವಾಕ ಬರಂಗಿಲ್ಲ. ನಮಗೂ ಹುಬ್ಬಳ್ಳಿ ಐತಿ, ಗದಗ ಐತಿ. ಅಲ್ಲಿ ದರ ಎಷ್ಟಂತ ಫೋನಿನಾಗ ಕಾಣ್ತೈತಿ. ಆದ್ರ ಜುಲೈ ತಿಂಗಳಾಗ ಗೊಬ್ಬರಕ್ಕ, ಕಳೆ ತಗಿಸಾಕ ರೊಕ್ಕ ಕೊಟ್ಟವರು ಬ್ಯಾಡಗಿಯ ಸಾವ್ಕಾರ್ರು. ಆ ರೊಕ್ಕ ಉಂಡು ಮಾಲು ಹುಬ್ಬಳ್ಳಿಗೆ ಹೊಡದ್ರ ಮುಂದಿನ ಜುಲೈಗೆ ಯಾರ ಮುಂದ ಕೈ ಒಡ್ಡೋದು? ದರ ತಿಳಿಯೋದು ಬ್ಯಾರೆ, ಬ್ಯಾಡ ಅನ್ನಾಕ ಬರೋದು ಬ್ಯಾರೆ.

ಈ ಬ್ಯಾಡ ಅನ್ನೋ ಮಾತಿಗೆ ಬರ್ತೀನಿ. ಕೆಲವು ವರ್ಷದ ಹಿಂದ ನಮ್ಮ ಮನ್ಯಾಗ 24 ಚೀಲ ಆಗಿತ್ತು. ಮಗಳ ಕಾಲೇಜಿನ ಫೀ ತುಂಬೋದಿತ್ತು, ಸಾವ್ಕಾರ್ರ ಮುಂಗಡ 40,000 ಇತ್ತು. ಭಾನುವಾರ ಸಂಜಿಕೆ ಫೋನ್ ಬಂತು: "ಗೌಡ್ರ, ಗುರುವಾರ 28,000 ತನಕ ಹೋಗೈತ್ರಿ ಕ್ವಿಂಟಲ್‌ಗೆ. ಇದ್ದದ್ದೆಲ್ಲಾ ಹೇರಿಕೊಂಡು ಬರ್ರಿ." ಮಾವಾರು ದನಿ ಕೇಳಿ ನೋಡಿ, ಸುಳ್ಳಿಲ್ಲ ಅಂದ್ರು. ನಮ್ಮನಿಯವರ ವಾಟ್ಸಾಪ್ ಗುಂಪಿನಾಗೂ ಅದೇ 28,000 ತಿರಗ್ಯಾಡಾಕ ಹತ್ತಿತ್ತು. ಟ್ರ್ಯಾಕ್ಟರ್ ಹೇಳಿದ್ರು.

ನಮ್ಮ ಅಕ್ಕನ್ನ ಸವಣೂರು ಕಡೆ ಕೊಟ್ಟಾರ. ದಿನಾ ಭಾಂಡೆ ತೊಳದ ಮ್ಯಾಲೆ ನಾವಿಬ್ಬರೂ ಹತ್ತು ನಿಮಿಷ ಮಾತಾಡ್ತೀವಿ. ಗುರುವಾರ ಭಾವಾರೂ ಬ್ಯಾಡಗಿಗೆ ಹೋಗಿದ್ರು, 15 ಚೀಲ ತಗೊಂಡು. ಅಕ್ಕ ದರ ಹೇಳ್ಲಿಲ್ಲ. ಹೆಣ್ಣಮಕ್ಕಳು ಮೊದಲ ದರ ಹೇಳಂಗಿಲ್ಲ, ಕೈಗೆ ಎಷ್ಟು ಬಂತು ಅಂತ ಹೇಳ್ತಾರ. ಆಕಿ ಅಂದ್ಲು: "28 ಹೋಗಿದ್ದು ಎರಡ ಚೀಲ ಬೇ. ಉಳಿದ ಹದಿಮೂರು 17ಕ್ಕ. ಬಿಳಿಗಾಯಿ ಭಾಳ ಇದ್ದುವು, ಎಲ್ಲಾ ಕಲಸಿ ತುಂಬಿದ್ವಿ. ಹಮಾಲಿ, ಗಾಡಿ ಬಾಡಗಿ, ಮುಂಗಡದ ಬಡ್ಡಿ ಎಲ್ಲಾ ಹೋಗಿ ಕೈಯಾಗ ಏನು ಉಳೀತು ಅಂತ ಅಳೂ ಬರ್ತೈತಿ."

ಯಾರೂ ಸುಳ್ಳು ಹೇಳಿರ್ಲಿಲ್ಲ. ಸಾವ್ಕಾರ್ರು ಹೇಳಿದ 28,000 ಖರೆ. ವಾಟ್ಸಾಪಿನ 28,000 ಖರೆ. ಭಾವಾರೂ ಊರಾಗ ಕೇಳಿದವರಿಗೆ, "28ಕ್ಕ ಹೋತು ನಮ್ಮ ಮಾಲು" ಅಂದಿರ್ಬೇಕು, ಅದೂ ಖರೆನೇ. ಗಂಡಸ್ರ ಹಾದಿಯಾಗ ಏರಿದ ದರ ಓಡ್ತೈತಿ, ಹೆಣ್ಣಮಕ್ಕಳ ಹಾದಿಯಾಗ ಉಳಿದ ರೊಕ್ಕ ಓಡ್ತೈತಿ. ಅಕ್ಕನ ಕೂಡ ಆಡೋ ಹತ್ತು ನಿಮಿಷಕ್ಕ ಮನ್ಯಾಗ ಎಲ್ಲಾರೂ "ಹರಟಿ" ಅಂತಿದ್ರು.

ನಮ್ಮ ಚೀಲದಾಗ ಏನೈತಿ ಅಂತ ನನಗೂ ಅತ್ಯಾರಿಗೂ ಗೊತ್ತಿತ್ತು. ಕಣದಾಗ ಕುಂತು ಆರಿಸಿದವರು ನಾವು, ಜೊತಿಗೆ ಕೂಲಿಗೆ ಬಂದ ನಾಕು ಹೆಣ್ಣಮಕ್ಕಳು. 24ರಾಗ ಒಂಬತ್ತು ಚೀಲ ಮೊದಲನೇ ಬಿಡಿಸಿದ್ದು, ಕೈಯಾಗ ಹಿಡದ್ರ ಬೆರಳಿಗೆ ಬಣ್ಣ ಹತ್ತುವಂಥಾದ್ದು. ಉಳಿದ ಹದಿನೈದರಾಗ ಬಿಳಿಗಾಯಿ ಇತ್ತು, ಮೂರು ಚೀಲಕ್ಕ ಇನ್ನೂ ಬಿಸಲು ಬೇಕಿತ್ತು. ಆ ಸುದ್ದಿ ಸಾವ್ಕಾರ್ರ ತನಕ ಮುಟ್ಟಾಕ ಹಾದಿನೇ ಇರ್ಲಿಲ್ಲ. ಅವರ ಫೋನ್ ಮಾವಾರಿಗೆ, ಮಾವಾರಿಗೆ ಚೀಲ ಎಷ್ಟು ಅಂತ ಗೊತ್ತು. ಚೀಲದೊಳಗಿನದು ನಮಗ ಗೊತ್ತು.

ರಾತ್ರಿ ಉಣ್ಣಾಕ ಕುಂತಾಗ ಅಕ್ಕ ಹೇಳಿದ್ದನ್ನ ಹೇಳ್ದೆ. ಮಾವಾರು ರೊಟ್ಟಿ ಮುರಿಯೋದು ನಿಲ್ಲಿಸಿದ್ರು. ಅತ್ಯಾರು, "ಒಂಬತ್ತು ಹೇರ್ರಿ. ಉಳಿದದ್ದು ನಾವು ಮತ್ತ ಸುರುವಿ ಆರಸ್ತೀವಿ" ಅಂದ್ರು. ನಮ್ಮನಿಯವರಿಗೆ ಟ್ರ್ಯಾಕ್ಟರ್ ಬಾಡಗಿ ಎರಡ್ ಸಲ ಬೀಳ್ತೈತಿ ಅನ್ನೋ ಚಿಂತಿ, ಅದು ಖರೆ ಚಿಂತಿನೇ. ಮಾವಾರ ಚಿಂತಿ ಬ್ಯಾರೆ. ಸಾವ್ಕಾರ್ರು "ಇದ್ದದ್ದೆಲ್ಲಾ" ಅಂದಾರ, ಮುಂಗಡ ಐತಿ, ಕಡಿಮಿ ಒಯ್ದರ ಏನು ತಿಳಕೋತಾರ?

"ಈಗ್ಲೇ ಫೋನ್ ಹಚ್ಚಿ ಹೇಳಿಬಿಡು ಅಪ್ಪಾ" ಅಂತ ನಮ್ಮನಿಯವರು ಅಂದ್ರ, ಮಾವಾರು ಕೈ ಅಡ್ಡ ಮಾಡಿದ್ರು. "ಬ್ಯಾಡ ಅನ್ನೋ ಮಾತು ಫೋನಿಲೆ ಆಡಬಾರ್ದೋ. ಫೋನಿನಾಗ ಬರೇ ಬ್ಯಾಡ ಅನ್ನೋದಷ್ಟೇ ಕೇಳ್ತೈತಿ. ಎದುರಿಗೆ ನಿಂತ್ರ ಯಾಕಂತ ಮಾರಿ ಮ್ಯಾಲೆ ಕಾಣ್ತೈತಿ." ಮರದಿವಸ ಟ್ರ್ಯಾಕ್ಟರ್‌ಕಿಂತ ಮೊದಲ ಬಸ್ಸಿಗೆ ತಾವೇ ಹೋದ್ರು. ಅಂಗಡಿಯಾಗ ಚಾ ಕುಡದು, "ಒಂಬತ್ತು ತಂದೀನ್ರಿ. ಮುಂಗಡ ಇದರಾಗ ಮುರಕೋರಿ. ಉಳಿದದ್ದು ಹೆಣ್ಣಮಕ್ಕಳು ಆರಸಾಕ ಹತ್ತ್ಯಾರ, ಆದ ಕೂಡ್ಲೆ ನಿಮ್ಮಲ್ಲಿಗೇ ಬರ್ತೈತಿ" ಅಂದ್ರಂತ. ಸಾವ್ಕಾರ್ರು ಸ್ವಲ್ಪ ಮಾರಿ ಗಂಟು ಹಾಕಿಕೊಂಡ್ರಂತ, ಆದ್ರ ಮಾತು ಬೆಳಸ್ಲಿಲ್ಲ. ಮುಂಗಡ ಮೊದಲ ಮುರಕೋರಿ ಅಂತ ಎದುರಿಗೆ ನಿಂತು ಹೇಳಿದ ಮನಷ್ಯಾನಿಗೆ ಏನಂತಾರ?

ಒಂಬತ್ತು ಚೀಲ 26,400ಕ್ಕ ಹೋದುವು. ಉಳಿದ ಹದಿನೈದನ್ನ ನಾವು ಎಂಟು ದಿನ ಆರಿಸಿದ್ವಿ, ಹತ್ತು ಚೀಲ ಕೆಂಪು, ಐದು ಚೀಲ ಬಿಳಿ ಕೂಡಿದ್ದು ಆತು. ಮೂರು ವಾರದ ಮ್ಯಾಲೆ ಒಯ್ಯೋದ್ರಾಗ ಪ್ಯಾಟಿ ಇಳದಿತ್ತು, ಕೆಂಪಿಗೆ 22,000 ಸಿಕ್ತು, ಬಿಳಿ ಕೂಡಿದ್ದಕ್ಕ 9,000. ಆರಿಸಿದ ಕೂಲಿ, ಎರಡನೇ ಬಾಡಗಿ ಕಳದ ಮ್ಯಾಲೂ ಎಲ್ಲಾ ಕಲಸಿ ಒಯ್ದಿದ್ರ ಬರೋದಕ್ಕಿಂತ ಹೆಚ್ಚು ಉಳೀತು. ದೊಡ್ಡ ಗಂಟೇನಲ್ಲ. ಮಗಳ ಫೀ ಸಾಲ ಮಾಡದ ತುಂಬಿದ್ವಿ, ಅಷ್ಟು.

2024ರ ಮಾರ್ಚ್ 11, ಸೋಮವಾರದ ದಿನಾನೂ ನೆನಸಬೇಕು. ಅವತ್ತು ದರ ಬಿದ್ದ ಸಿಟ್ಟಿಗೆ ಬ್ಯಾಡಗಿ ಪ್ಯಾಟ್ಯಾಗ ಗಲಾಟಿ ಆಗಿ ಗಾಡಿಗಳಿಗೆ ಬೆಂಕಿ ಬಿತ್ತು. ನಮ್ಮ ಓಣಿಯಿಂದ ಇಬ್ಬರು ಮಾಲು ಒಯ್ದಿದ್ರು. ಟಿ.ವಿ.ಯಾಗ ಬೆಂಕಿ ಕಂಡ ಕೂಡ್ಲೆ ಎಲ್ಲಾ ಮನ್ಯಾಗೂ ಫೋನ್ ಕೈಗೆ ಬಂದುವು. ಅವತ್ತು ಒಬ್ಬರೂ ದರ ಕೇಳ್ಲಿಲ್ಲ. "ಎಲ್ಲದೀಯೋ ಯಪ್ಪಾ?" ಅನ್ನೋದೊಂದೇ ಮಾತು. ವರ್ಷದ ದುಡಿಮಿ ಒಂದು ಮಧ್ಯಾಹ್ನ ಒಂದು ಅಂಕಿಯಾಗಿ ಫೋನಿನಾಗ ಬಂದು ನಿಂತಾಗ, ಯಾಕ ಇಷ್ಟು ಅಂತ ಆ ಅಂಕಿನ್ನ ತಿರುಗಿ ಕೇಳಾಕ ಬರಂಗಿಲ್ಲ. ಮಂದಿಗೆ ಸಿಟ್ಟು ಬಂದದ್ದಕ್ಕ ದರದ ಜೊತಿಗೆ ಇದೂ ಒಂದು ಕಾರಣ ಇದ್ದೀತು ಅಂತ ನನಗ ಅನಸ್ತೈತಿ.

ನಮ್ಮ ಮನಿ ಪದ್ಧತಿ ಒಂದಿಷ್ಟು ಬದಲಾಗೈತಿ. ಮಾವಾರಿಗೆ ಫೋನ್ ಬಂದಾಗ ಈಗ ಸ್ಪೀಕರ್ ಹಚ್ಚತಾರ, ಅತ್ಯಾರು ಒಳಗಿಂದ ಕೇಳ್ತಾರ. ಅಕ್ಕ ಹೇಳಿದ್ದು ನಾ ಒಂದು ಹಳೇ ಡೈರಿಯಾಗ ಬರಕೋತೀನಿ: ಯಾವ ದಿನ, ಎಂಥಾ ಮಾಲು, ಎಷ್ಟು ಚೀಲ, ಕೈಗೆ ಎಷ್ಟು ಬಂತು. ತವರುಮನಿ ಓಣಿಯ ಇನ್ನಿಬ್ಬರು ಗೆಳತ್ಯಾರೂ ಹೇಳ್ತಾರ. ಹರಟಿ ಅಂತ ಈಗ ಯಾರೂ ಅನ್ನಂಗಿಲ್ಲ, ಸೋಮವಾರ ರಾತ್ರಿ ನಮ್ಮನಿಯವರೇ, "ಅಕ್ಕಾರಿಗೆ ಫೋನ್ ಹಚ್ಚಿದೇನು?" ಅಂತ ಕೇಳ್ತಾರ.

ಹೋದ ಸುಗ್ಗಿಯಾಗ ಒಂದು ಸಂಜಿಕೆ ಸಾವ್ಕಾರ್ರ ನಂಬರಿನಿಂದ ಫೋನ್ ಬಂತು, ಈ ಸಲ ನನ್ನ ಫೋನಿಗೆ. ಮಾವಾರಿಗೆ ಕೊಡ್ಲೇನ್ರಿ ಅಂದೆ. "ಬ್ಯಾಡ್ರಿ ಅಕ್ಕಾರ, ನಿಮ್ಮನ್ನೇ ಕೇಳಬೇಕಿತ್ತು" ಅಂದ್ರು. "ಈ ಸಲ ಮೊದಲನೇ ಬಿಡಿಸಿದ್ದು ಎಷ್ಟು ಚೀಲ ಆಗೈತಿ? ಬಿಳಿಗಾಯಿ ಬ್ಯಾರೆ ಮಾಡೀರೇನು?"

ಹನ್ನೊಂದು ಚೀಲ ಅಂದೆ, ಬ್ಯಾರೆ ಮಾಡೀವಿ ಅಂದೆ. ಆಮ್ಯಾಲೆ ದರ ಕೇಳ್ದೆ. ಸಾವ್ಕಾರ್ರು ನಕ್ಕು, ಮಳಿ ಸುದ್ದಿ ಎತ್ತಿದ್ರು.